ಧಾರವಾಡ ಶಿಲೆಗಳ ಮೂಲವಿಚಾರ: ಕೋಲಾರ ಪಟ್ಟಿ ಹಾಗೂ ಪ್ರಾಚೀನ ದ್ವೀಪಮಾಲೆಯ ಪ್ರಶ್ನೆ

ಕೋಲಾರದ ಶಿಸ್ಟ್ ಪಟ್ಟಿ ಜನಮನದಲ್ಲಿ ಚಿನ್ನದ ಗಣಿಯಾಗಿಯೇ ನೆಲೆಗೊಂಡಿದೆ. ಉತ್ತರ-ದಕ್ಷಿಣವಾಗಿ ಸುಮಾರು 80 ಕಿ.ಮೀ. ಉದ್ದಕ್ಕೆ ಹಬ್ಬಿರುವ, ಕೆಲವೇ ಕಿಲೋಮೀಟರು ಅಗಲವಿರುವ ಈ ಕಪ್ಪು-ಹಸಿರು ಶಿಲೆಗಳ ಪಟ್ಟಿಯಿಂದ 1880ರ ದಶಕದಿಂದ 2001ರವರೆಗೆ ಸುಮಾರು 800 ಟನ್ ಚಿನ್ನವನ್ನು ಹೊರತೆಗೆಯಲಾಯಿತು. ಭೂವಿಜ್ಞಾನದ ಚರಿತ್ರೆಯಲ್ಲಿ ಈ ಪಟ್ಟಿಗೆ ಇನ್ನೊಂದು ಸ್ಥಾನವೂ ಇದೆ. 250 ಕೋಟಿ ವರ್ಷಗಳ ಹಿಂದೆಯೇ ಭೂಫಲಕಗಳು ಇಂದಿನಂತೆ ಚಲಿಸುತ್ತಿದ್ದವು, ಒಂದು ಫಲಕ ಇನ್ನೊಂದರ ಅಡಿಗೆ ಜಾರುವ ಸ್ಥಳದಲ್ಲಿ ಜ್ವಾಲಾಮುಖಿಗಳು ಸಾಲುಗಟ್ಟುತ್ತಿದ್ದವು ಎಂಬ ವಾದಕ್ಕೆ ಜಗತ್ತಿನಲ್ಲಿ ಮೊದಮೊದಲು ದೊರೆತ ವಿವರವಾದ ಆಧಾರಗಳಲ್ಲಿ ಕೋಲಾರದ ಶಿಲೆಗಳೂ ಸೇರಿವೆ.

ಈ ವಾದವು ಇದ್ದಕ್ಕಿದ್ದಂತೆ ಹುಟ್ಟಿದುದಲ್ಲ. ಧಾರವಾಡ ಶಿಲಾವರ್ಗದ ಮೂಲವನ್ನು ಕುರಿತು ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆದ ಚರ್ಚೆಯ ಮುಂದುವರಿಕೆಯಾಗಿ ಅದು ರೂಪುಗೊಂಡಿತು. ಮೊದಲ ಘಟ್ಟದಲ್ಲಿ ಈ ಶಿಲೆಗಳು ಬೆಂಕಿಯಿಂದ ಹುಟ್ಟಿದವೋ ನೀರಿನಲ್ಲಿ ಶೇಖರಗೊಂಡವೋ ಎಂಬ ಪ್ರಶ್ನೆ ಮುಖ್ಯವಾಗಿತ್ತು. ಎರಡನೆಯ ಘಟ್ಟದಲ್ಲಿ, ಬೆಂಕಿಯಿಂದ ಹುಟ್ಟಿದ ಶಿಲೆಗಳು ಭೂಮಿಯ ಯಾವ ಬಗೆಯ ಸನ್ನಿವೇಶದಲ್ಲಿ ಹುಟ್ಟಿದವು ಎಂಬ ಪ್ರಶ್ನೆ ಮುಂದೆ ಬಂತು. ಈ ಎರಡೂ ಘಟ್ಟಗಳ ಚರಿತ್ರೆಯನ್ನು ಒಟ್ಟಿಗೆ ಓದಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ಒಂದೇ ಹೆಸರಿನಡಿ ಸೇರಿಸಿದ್ದ ಶಿಲೆಗಳನ್ನು ವಯಸ್ಸು ಮತ್ತು ಮೂಲದ ಆಧಾರದಿಂದ ಬಿಡಿಸಿ ನೋಡಿದಾಗಲೇ ವಿವಾದಗಳು ತಿಳಿಯಾಗಿವೆ. ಬಿಡಿಯಾದ ಒಂದು ಶಿಲೆಯ ರಾಸಾಯನಿಕ ಗುಣವು ಅದರ ಹುಟ್ಟಿನ ಸ್ಥಳವನ್ನು ಸೂಚಿಸಬಲ್ಲದು. ಆದರೆ ಅದನ್ನು ನಿರ್ಣಯಿಸಬೇಕಾದರೆ ಸುತ್ತಲಿನ ಶಿಲೆಗಳ ಸಾಕ್ಷ್ಯವೂ ಬೇಕು.

1. ಬೆಂಕಿಯೋ ನೀರೋ: ಮೊದಲ ವಿವಾದ

ದಕ್ಷಿಣ ಭಾರತದ ಶಿಸ್ಟ್ ಪಟ್ಟಿಗಳನ್ನು ಒಂದು ಪ್ರತ್ಯೇಕ ಶಿಲಾವರ್ಗವೆಂದು ಗುರುತಿಸಿ ‘ಧಾರವಾಡ’ ಎಂಬ ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್ (1834-1912). ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ ಅವರು 1880ರ ದಶಕದಲ್ಲಿ ಈ ಹೆಸರನ್ನು ಬಳಕೆಗೆ ತಂದರು. ದಕ್ಷಿಣ ಭಾರತದ ಚಿನ್ನವು ಮುಖ್ಯವಾಗಿ ಈ ವರ್ಗದ ಶಿಲೆಗಳಲ್ಲಿಯೇ ಇದೆ ಎಂಬುದನ್ನೂ ತೋರಿಸಿಕೊಟ್ಟರು. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದಾಗ ಅದರ ಮೊದಲ ಮುಖ್ಯಸ್ಥರಾದವರೂ ಅವರೇ. ಫೂಟ್ ಅವರ ದೃಷ್ಟಿಯಲ್ಲಿ ಧಾರವಾಡ ವರ್ಗವು ಹಳೆಯ ನೈಸ್ ಶಿಲೆಗಳ ತಳಹದಿಯ ಮೇಲೆ ನೀರಿನಲ್ಲಿ ಶೇಖರಗೊಂಡ ಪದರಶಿಲೆಗಳು ಹಾಗೂ ಅವುಗಳೊಂದಿಗೆ ಹರಿದ ಲಾವಾ ಪದರಗಳ ಸಮೂಹವಾಗಿತ್ತು.

ಮುಂದೆ ಇಲಾಖೆಯ ಮುಖ್ಯಸ್ಥರಾದ ಡಬ್ಲ್ಯು. ಎಫ್. ಸ್ಮೀತ್ ಅವರ ಕಾಲದಲ್ಲಿ ಈ ಅಭಿಪ್ರಾಯವು ತಲೆಕೆಳಗಾಯಿತು. ಧಾರವಾಡ ಶಿಲೆಗಳ ಬಹುಭಾಗ ಅಗ್ನಿಜನ್ಯ ಎಂಬುದು ಸ್ಮೀತ್ ಅವರ ಮತವಾಗಿತ್ತು. ಸಾಮಾನ್ಯವಾಗಿ ನದಿ-ಸಮುದ್ರಗಳ ಕಾರ್ಯವೆಂದು ತಿಳಿಯಲಾಗುವ ಕ್ವಾರ್ಟ್‌ಜೈಟ್, ಪಟ್ಟೆಗಳುಳ್ಳ ಕಬ್ಬಿಣದ ಶಿಲೆ ಮೊದಲಾದವು ಕೂಡ ಮೂಲತಃ ಅಗ್ನಿಶಿಲೆಗಳೇ ಆಗಿದ್ದು ಕಾಲಾಂತರದಲ್ಲಿ ಮಾರ್ಪಟ್ಟವು ಎಂದು ಅವರು ಮತ್ತು ಅವರ ಸಹೋದ್ಯೋಗಿಗಳು ವಾದಿಸಿದರು. ಗುಂಡುಕಲ್ಲುಗಳು ಬೆಸೆದುಕೊಂಡಂತೆ ಕಾಣುವ ಕಾಂಗ್ಲಾಮರೇಟ್ ಶಿಲೆಯನ್ನು ಅವರು ಭೂಒತ್ತಡದಲ್ಲಿ ಅರೆದು ಉರುಟಾದ ತುಣುಕುಗಳ ರಾಶಿ ಎಂದು ಪರಿಗಣಿಸಿದರು. 1916ರಲ್ಲಿ ಇಲಾಖೆಯ ಬುಲೆಟಿನ್ ಆಗಿ ಹೊರಬಂದ ಮೈಸೂರಿನ ಭೂಚರಿತ್ರೆಯ ರೂಪರೇಖೆಯಲ್ಲಿ ಈ ನಿಲುವಿಗೆ ವ್ಯವಸ್ಥಿತವಾದ ರೂಪ ದೊರೆಯಿತು.

ಮೇಲುನೋಟಕ್ಕೆ ಇದು ಕೇವಲ ಶಿಲೆಯ ಹೆಸರನ್ನು ಕುರಿತ ಭಿನ್ನಾಭಿಪ್ರಾಯವೆಂದು ತೋರಬಹುದು. ವಾಸ್ತವವಾಗಿ ಇಡೀ ಪ್ರದೇಶದ ಕಾಲಾನುಕ್ರಮವೇ ಇದನ್ನು ಅವಲಂಬಿಸಿತ್ತು. ಕಾಂಗ್ಲಾಮರೇಟ್‌ನಲ್ಲಿರುವ ನೈಸ್ ಶಿಲೆಯ ಗುಂಡುಗಳು ನೀರಿನಿಂದ ಸವೆದು ಬಂದವುಗಳಾದರೆ, ಧಾರವಾಡ ವರ್ಗ ಶೇಖರವಾಗುವ ಮೊದಲೇ ನೈಸ್ ಶಿಲೆಯ ನೆಲವೊಂದು ಇತ್ತೆಂದಾಗುತ್ತದೆ. ಅವು ಒತ್ತಡದಿಂದ ಸ್ಥಳದಲ್ಲಿಯೇ ಉರುಟಾದವುಗಳಾದರೆ ಈ ತೀರ್ಮಾನಕ್ಕೆ ಆಧಾರವೇ ಉಳಿಯುವುದಿಲ್ಲ. ಸ್ಮೀತ್ ಅವರ ಪ್ರಕಾರ ಧಾರವಾಡ ಶಿಲೆಗಳೇ ಎಲ್ಲಕ್ಕಿಂತ ಹಳೆಯವು; ನೈಸ್ ಶಿಲೆಗಳು ಅನಂತರ ಅವುಗಳೊಳಗೆ ನುಗ್ಗಿಬಂದವು.

1930ರ ದಶಕದ ಕ್ಷೇತ್ರಕಾರ್ಯದಿಂದ ಪರಿಸ್ಥಿತಿ ಮತ್ತೆ ಬದಲಾಯಿತು. ಬಿ. ರಾಮರಾವ್ ಅವರು 1940ರಲ್ಲಿ ಪ್ರಕಟಿಸಿದ ಮೈಸೂರಿನ ಆರ್ಕಿಯನ್ ಶಿಲಾಸಂಕೀರ್ಣವನ್ನು ಕುರಿತ ಬುಲೆಟಿನ್‌ನಲ್ಲಿ ಧಾರವಾಡ ವರ್ಗದ ಪದರಶಿಲೆಗಳಿಗೆ ಅವುಗಳ ಸ್ಥಾನವನ್ನು ಮರಳಿ ಕೊಟ್ಟರು. ಸಿ. ಎಸ್. ಪಿಚ್ಚಮುತ್ತು ಅವರು ಚಿತ್ರದುರ್ಗ ಹಾಗೂ ಬಾಬಾಬುಡನ್ ಪ್ರದೇಶಗಳಲ್ಲಿ ಲಾವಾ ಶಿಲೆಗಳನ್ನೂ ಪದರಶಿಲೆಗಳನ್ನೂ ಬೇರೆಬೇರೆಯಾಗಿ ವಿವೇಚಿಸಿದರು. ಚಿತ್ರದುರ್ಗದ ಸಮೀಪದ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಶಿಲೆಯು ಬಿಸಿ ಲಾವಾ ನೀರಿನೊಳಗೆ ಹರಿದು ಥಟ್ಟನೆ ತಣಿದುದರ ಗುರುತು. ಇಂದು ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿ ಬೆಂಕಿ ಮತ್ತು ನೀರು ಎರಡರ ಸಾಕ್ಷ್ಯವೂ ಒಂದೇ ಬಂಡೆಯಲ್ಲಿ ದೊರೆಯುತ್ತದೆ.

ಕಾಲಾನುಕ್ರಮದ ಪ್ರಶ್ನೆ ಬಗೆಹರಿಯಲು ವಿಕಿರಣ ವಿಧಾನದ ಕಾಲನಿರ್ಣಯ ಬೇಕಾಯಿತು. ಹಾಸನ ಪ್ರದೇಶದ ನೈಸ್ ಶಿಲೆಗಳು ಸುಮಾರು 336 ಕೋಟಿ ವರ್ಷ ಹಳೆಯವು ಎಂದು 1980ರಲ್ಲಿ ಬೆಕಿನ್‌ಸೇಲ್ ಮತ್ತು ಸಂಗಡಿಗರು ವರದಿ ಮಾಡಿದರು. 1981ರಲ್ಲಿ ಜೆ. ಸ್ವಾಮಿನಾಥ್ ಮತ್ತು ಎಂ. ರಾಮಕೃಷ್ಣನ್ ಸಂಪಾದಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ 112ನೆಯ ಸ್ಮೃತಿಗ್ರಂಥವು ಹಳೆಯ ಶಿಸ್ಟ್‌ಗಳನ್ನು ‘ಸರಗೂರು’ ಎಂದೂ ನೈಸ್ ತಳಹದಿಯ ಮೇಲೆ ಶೇಖರಗೊಂಡ ಕಿರಿಯ ಶಿಸ್ಟ್‌ಗಳನ್ನು ‘ಧಾರವಾಡ’ ಎಂದೂ ಬೇರ್ಪಡಿಸಿತು. ಇದರಿಂದ ಫೂಟ್ ಮತ್ತು ಸ್ಮೀತ್ ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿತ್ತೆಂಬುದು ತಿಳಿಯಿತು. ಕೆಲವು ಶಿಸ್ಟ್‌ಗಳು ನೈಸ್‌ಗಿಂತ ಹಿರಿಯವು, ಕೆಲವು ಕಿರಿಯವು. ಇಬ್ಬರೂ ಎರಡು ಪೀಳಿಗೆಯ ಶಿಲೆಗಳಿಗೆ ಒಂದೇ ಹೆಸರನ್ನು ಬಳಸಿದ್ದರು.

2. ದ್ವೀಪಮಾಲೆಯ ರಾಸಾಯನಿಕ ಗುರುತು

1960ರ ದಶಕದಲ್ಲಿ ಭೂಫಲಕ ಸಿದ್ಧಾಂತ ನೆಲೆಗೊಂಡ ಮೇಲೆ ಜ್ವಾಲಾಮುಖಿ ಶಿಲೆಗಳನ್ನು ಕುರಿತ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಬಸಾಲ್ಟ್ ಶಿಲೆಯು ಸಾಗರದ ನಡುವಣ ಬಿರುಕಿನಲ್ಲಿ ಹುಟ್ಟಬಹುದು. ಭೂಮಿಯ ಆಳದಿಂದ ಮೇಲೇಳುವ ಬಿಸಿ ಚಿಲುಮೆಯಿಂದ ಹುಟ್ಟಬಹುದು. ಅಥವಾ ಒಂದು ಸಾಗರ ಫಲಕ ಇನ್ನೊಂದರ ಅಡಿಗೆ ಜಾರುವಲ್ಲಿ ಹುಟ್ಟಬಹುದು. ಮೂರನೆಯ ಸನ್ನಿವೇಶದಲ್ಲಿ ಜ್ವಾಲಾಮುಖಿಗಳು ಬಿಲ್ಲಿನಂತೆ ಬಾಗಿದ ಸಾಲಿನಲ್ಲಿ ಸಮುದ್ರದಿಂದ ಮೇಲೆದ್ದು ದ್ವೀಪಮಾಲೆಯಾಗುತ್ತವೆ. ಜಪಾನಿನ ದಕ್ಷಿಣದ ಬೋನಿನ್ ಹಾಗೂ ಮರಿಯಾನಾ ದ್ವೀಪಗಳು, ಅಲಾಸ್ಕದ ಅಲ್ಯೂಷಿಯನ್ ದ್ವೀಪಗಳು, ಪೆಸಿಫಿಕ್‌ನ ಟೊಂಗಾ ಇದಕ್ಕೆ ಉದಾಹರಣೆಗಳು. ಭಾರತಕ್ಕೂ ಇಂಥ ಒಂದು ಜೀವಂತ ಉದಾಹರಣೆಯಿದೆ. ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪವು ಭಾರತ ಫಲಕ ಪೂರ್ವಕ್ಕೆ ಜಾರುತ್ತಿರುವ ವಲಯದ ಮೇಲೆ ನಿಂತಿರುವ ಜ್ವಾಲಾಮುಖಿ. ದೀರ್ಘ ಮೌನದ ಅನಂತರ 1991ರಲ್ಲಿ ಅದು ಮತ್ತೆ ಸಿಡಿಯಿತು. ಮುಂದೆಯೂ ಹಲವು ಸಲ ಸಿಡಿದಿದೆ.

ಈ ಮೂರು ಸನ್ನಿವೇಶಗಳ ಶಿಲೆಗಳನ್ನು ಕಣ್ಣಿನಿಂದ ಬೇರ್ಪಡಿಸುವುದು ಕಷ್ಟ. ಶಿಲೆಯಲ್ಲಿ ದಶಲಕ್ಷಕ್ಕೆ ಕೆಲವೇ ಭಾಗಗಳಷ್ಟಿರುವ ಲೇಶಧಾತುಗಳು ಇಲ್ಲಿ ನೆರವಿಗೆ ಬರುತ್ತವೆ. ಕೆಳಕ್ಕೆ ಜಾರುವ ಸಾಗರ ಫಲಕವು ನೀರಿನಿಂದ ತೊಯ್ದಿರುತ್ತದೆ. ಆಳದಲ್ಲಿ ಬಿಸಿಯೇರಿದಂತೆ ಅದರ ಖನಿಜಗಳಲ್ಲಿ ಅಡಗಿದ ನೀರು ಬಿಡುಗಡೆಯಾಗಿ ಮೇಲಿನ ಮ್ಯಾಂಟಲ್ ಪದರವನ್ನು ಸೇರುತ್ತದೆ. ನೀರು ಸೇರಿದ ಶಿಲೆ ಕಡಿಮೆ ಉಷ್ಣತೆಯಲ್ಲಿಯೇ ಕರಗಿ ಶಿಲಾಪಾಕವಾಗುತ್ತದೆ. ಹೀಗೆ ಮೇಲೇರುವ ನೀರು ತನ್ನೊಂದಿಗೆ ಬೇರಿಯಂ, ರುಬಿಡಿಯಂ, ಸ್ಟ್ರಾನ್ಶಿಯಂ, ಸೀಸ ಮೊದಲಾದ ಸುಲಭವಾಗಿ ಕರಗುವ ಧಾತುಗಳನ್ನು ಒಯ್ಯುತ್ತದೆ. ಫಲಕದ ಮೇಲಿನ ಕೆಸರು ಕರಗಿದಾಗ ಥೋರಿಯಂ ಹಾಗೂ ಹಗುರ ವಿರಳ ಭಸ್ಮ ಧಾತುಗಳೂ ಸೇರುತ್ತವೆ. ನಿಯೋಬಿಯಂ, ಟ್ಯಾಂಟಲಂ, ಟೈಟಾನಿಯಂ ಮಾತ್ರ ನೀರಿನಲ್ಲಿ ಸುಲಭವಾಗಿ ಚಲಿಸುವುದಿಲ್ಲ; ರೂಟೈಲ್ ಎಂಬ ಖನಿಜವು ಅವುಗಳನ್ನು ಕೆಳಗಿನ ಫಲಕದಲ್ಲಿಯೇ ಹಿಡಿದಿಡುತ್ತದೆ. ಆದಕಾರಣ ದ್ವೀಪಮಾಲೆಯ ಲಾವಾದಲ್ಲಿ ಮೊದಲ ಗುಂಪಿನ ಧಾತುಗಳು ಹೆಚ್ಚಾಗಿಯೂ ಎರಡನೆಯ ಗುಂಪಿನವು ಎದ್ದುಕಾಣುವಷ್ಟು ಕೊರತೆಯಾಗಿಯೂ ಇರುತ್ತವೆ. ಇದೇ ದ್ವೀಪಮಾಲೆಯ ರಾಸಾಯನಿಕ ಗುರುತು.

1973ರಲ್ಲಿ ಪಿಯರ್ಸ್ ಮತ್ತು ಕ್ಯಾನ್ ಅವರು ಟೈಟಾನಿಯಂ, ಜಿರ್ಕೋನಿಯಂ, ಇಟ್ರಿಯಂ ಪ್ರಮಾಣಗಳನ್ನು ನಕ್ಷೆಯಲ್ಲಿ ಗುರುತಿಸಿ ಬಸಾಲ್ಟ್‌ಗಳ ಹುಟ್ಟಿನ ಸನ್ನಿವೇಶವನ್ನು ಊಹಿಸುವ ವಿಧಾನವನ್ನು ಮುಂದಿಟ್ಟರು. ಪ್ರಾಚೀನ ಶಿಲೆಗಳ ಅಧ್ಯಯನಕ್ಕೆ ಇದು ಬಹಳ ಉಪಯುಕ್ತವಾಯಿತು. ಕೋಟ್ಯಂತರ ವರ್ಷಗಳ ಒತ್ತಡ, ಶಾಖ, ಬಿಸಿನೀರಿನ ಸಂಪರ್ಕಗಳಿಂದ ಆ ಶಿಲೆಗಳಲ್ಲಿ ಪೊಟಾಸಿಯಂ, ರುಬಿಡಿಯಂ, ಬೇರಿಯಂ ಮುಂತಾದವುಗಳ ಮೂಲಪ್ರಮಾಣ ಕೆಟ್ಟುಹೋಗಿರುತ್ತದೆ. ಟೈಟಾನಿಯಂ, ಜಿರ್ಕೋನಿಯಂ, ನಿಯೋಬಿಯಂ, ಥೋರಿಯಂ ಹಾಗೂ ಬಹುಪಾಲು ವಿರಳ ಭಸ್ಮ ಧಾತುಗಳು ಹೆಚ್ಚಾಗಿ ಕದಲದೆ ಉಳಿದಿರುತ್ತವೆ. ಬಿಸಿನೀರಿನ ಸಂಚಾರದಿಂದಲೇ ಚಿನ್ನ ನೆಲೆಗೊಂಡ ಕೋಲಾರದಂಥ ಪಟ್ಟಿಯಲ್ಲಿ ಈ ಎಚ್ಚರಿಕೆ ಇನ್ನಷ್ಟು ಅಗತ್ಯ.

ಎರಡು ವಿಶಿಷ್ಟ ಶಿಲೆಗಳನ್ನು ಇಲ್ಲಿ ಹೆಸರಿಸಬೇಕು. ಬೋನಿನ್ ದ್ವೀಪಗಳಿಂದ ಹೆಸರು ಪಡೆದ ಬೋನಿನೈಟ್‌ನಲ್ಲಿ ಸಿಲಿಕಾ ಶೇ. 52ಕ್ಕಿಂತಲೂ ಮೆಗ್ನೀಸಿಯಂ ಆಕ್ಸೈಡ್ ಶೇ. 8ಕ್ಕಿಂತಲೂ ಹೆಚ್ಚಿದ್ದು, ಟೈಟಾನಿಯಂ ಆಕ್ಸೈಡ್ ಶೇ. 0.5ಕ್ಕಿಂತ ಕಡಿಮೆಯಿರುತ್ತದೆ. ಒಮ್ಮೆ ಕರಗಿ ಸಾರಗುಂದಿದ ಮ್ಯಾಂಟಲ್ ಶಿಲೆಯು ನೀರಿನ ನೆರವಿನಿಂದ ಮತ್ತೊಮ್ಮೆ ಕರಗಿದಾಗ ಇದು ಉಂಟಾಗುತ್ತದೆ. ಅಲ್ಯೂಷಿಯನ್ ಸಾಲಿನ ಅಡಾಕ್ ದ್ವೀಪದಿಂದ ಹೆಸರು ಪಡೆದ ಅಡಕೈಟ್ ಅನ್ನು 1990ರಲ್ಲಿ ಡಿಫಂಟ್ ಮತ್ತು ಡ್ರಮಂಡ್ ಪ್ರತ್ಯೇಕ ಶಿಲೆಯೆಂದು ನಿರೂಪಿಸಿದರು. ಅದರಲ್ಲಿ ಸ್ಟ್ರಾನ್ಶಿಯಂ ಹೆಚ್ಚು. ಇಟ್ರಿಯಂ ದಶಲಕ್ಷಕ್ಕೆ 18 ಭಾಗಗಳನ್ನು ಮೀರುವುದಿಲ್ಲ. ಕೆಳಗೆ ಜಾರಿದ ಎಳೆಯ, ಬಿಸಿಯಾದ ಸಾಗರ ಫಲಕವೇ ಗಾರ್ನೆಟ್ ಖನಿಜವನ್ನು ಹಿಂದುಳಿಸಿ ಕರಗಿದಾಗ ಇಂಥ ಶಿಲೆ ಹುಟ್ಟುತ್ತದೆಂದು ಅವರು ವಿವರಿಸಿದರು. ಆರ್ಕಿಯನ್ ಯುಗದಲ್ಲಿ ಭೂಮಿ ಇಂದಿಗಿಂತ ಬಿಸಿಯಾಗಿದ್ದುದರಿಂದ ಈ ವಿವರಣೆಗೆ ವಿಶೇಷ ಮಹತ್ವ ಬಂತು.

3. ಕೋಲಾರದ ಎರಡು ಮಗ್ಗುಲು

ಕೋಲಾರ ಪಟ್ಟಿಯ ಮುಖ್ಯ ಶಿಲೆಯಾದ ಆಂಫಿಬೊಲೈಟ್ ಮೂಲತಃ ಲಾವಾ. ಅದರಲ್ಲಿ ಸಾಮಾನ್ಯ ಬಸಾಲ್ಟ್‌ನಿಂದಾದುದೂ, ಮೆಗ್ನೀಸಿಯಂ ಅಧಿಕವಾಗಿರುವ ಕೊಮಟೈಟ್ ಜಾತಿಯ ಲಾವಾದಿಂದಾದುದೂ ಇವೆ. ಪಟ್ಟಿಯ ಪೂರ್ವದ ಅಂಚಿನಲ್ಲಿ ‘ಚಾಂಪಿಯನ್ ನೈಸ್’ ಎಂಬ ಶಿಲೆಯಿದೆ. ಸ್ಮೀತ್ ಅವರ ಕಾಲದಲ್ಲಿ ಧಾರವಾಡ ವರ್ಗದೊಳಗೆ ನುಗ್ಗಿದ ಗ್ರಾನೈಟ್ ಜಾತಿಯ ಶಿಲೆಯೆಂದು ಇದನ್ನು ಪರಿಗಣಿಸಲಾಗಿತ್ತು. ಮುಂದೆ ಅದರ ಬಹುಭಾಗ ಸಿಲಿಕಾ ಅಧಿಕವಾದ ಜ್ವಾಲಾಮುಖಿ ಶಿಲೆ ಹಾಗೂ ಅದರ ಚೂರುಗಳಿಂದಾದ ನಿಕ್ಷೇಪ ಎಂಬ ಅಭಿಪ್ರಾಯ ಬಲಗೊಂಡಿತು. ಪೆದ್ದಪಲ್ಲಿಯ ಬಳಿ ಕಾಣುವ ಜ್ವಾಲಾಮುಖಿಯ ಸಿಡಿಶಿಲೆಗಳನ್ನೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ.

1980ರ ದಶಕದಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದ ವಿ. ರಾಜಮಣಿ ಹಾಗೂ ಅಮೆರಿಕದ ಸ್ಟೋನಿಬ್ರೂಕ್‌ನ ಜಿ. ಎನ್. ಹ್ಯಾನ್ಸನ್ ಅವರ ಸಹಕಾರದಲ್ಲಿ ಕೋಲಾರದ ಶಿಲೆಗಳ ವ್ಯವಸ್ಥಿತ ಭೂರಾಸಾಯನಿಕ ಅಧ್ಯಯನ ನಡೆಯಿತು. 1985ರಲ್ಲಿ ಆಂಫಿಬೊಲೈಟ್‌ಗಳ ಮೂಲವನ್ನು ಕುರಿತ ಪ್ರಬಂಧ ಪ್ರಕಟವಾಯಿತು. ಅದರ ಬೆನ್ನಿಗೆ ಇ. ಜೆ. ಕ್ರೋಗ್‌ಸ್ಟಾಡ್, ಎಸ್. ಬಾಲಕೃಷ್ಣನ್, ಡಿ. ಕೆ. ಮುಖೋಪಾಧ್ಯಾಯ ಇವರು ರಾಜಮಣಿ ಮತ್ತು ಹ್ಯಾನ್ಸನ್ ಅವರೊಡನೆ 1989ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧವು ಕೋಲಾರವನ್ನು ಜಾಗತಿಕ ಚರ್ಚೆಯ ನಡುವೆ ತಂದಿತು.

ಈ ಅಧ್ಯಯನದ ಬಲವು ಅದರ ಆಧಾರಗಳ ವೈವಿಧ್ಯದಲ್ಲಿದೆ. ಮೊದಲನೆಯದಾಗಿ, ಪಟ್ಟಿಯ ಪಶ್ಚಿಮ ಹಾಗೂ ಪೂರ್ವ ಭಾಗಗಳ ಆಂಫಿಬೊಲೈಟ್‌ಗಳು ನೋಟಕ್ಕೆ ಒಂದೇ ಬಗೆಯಾಗಿದ್ದರೂ ಲೇಶಧಾತುಗಳಲ್ಲಿಯೂ ಸಮಸ್ಥಾನಿಗಳಲ್ಲಿಯೂ ಭಿನ್ನವಾಗಿವೆ. ಪೂರ್ವದ ಲಾವಾದಲ್ಲಿ ಹಗುರ ವಿರಳ ಭಸ್ಮ ಧಾತುಗಳು ಸಮೃದ್ಧವಾಗಿವೆ. ಪಶ್ಚಿಮದ್ದರಲ್ಲಿ ಆ ಸಮೃದ್ಧಿಯಿಲ್ಲ. ಎರಡೂ ಬೇರೆಬೇರೆ ಮ್ಯಾಂಟಲ್ ಮೂಲಗಳಿಂದ ಬಂದವೆಂದು ಇದರಿಂದ ತಿಳಿಯುತ್ತದೆ.

ಎರಡನೆಯದಾಗಿ, ಪಟ್ಟಿಯ ಎರಡೂ ಬದಿಯ ನೈಸ್ ಶಿಲೆಗಳ ಚರಿತ್ರೆ ಬೇರೆ. ಜಿರ್ಕಾನ್ ಹರಳುಗಳಲ್ಲಿನ ಯುರೇನಿಯಂ-ಸೀಸ ವಿಧಾನದಿಂದ ಪಶ್ಚಿಮದ ಶಿಲೆಗಳಿಗೆ ಸುಮಾರು 263, 261 ಮತ್ತು 255 ಕೋಟಿ ವರ್ಷಗಳ ವಯಸ್ಸು ದೊರೆಯಿತು. ಪೂರ್ವದ ನೈಸ್‌ಗೆ ಸುಮಾರು 253 ಕೋಟಿ ವರ್ಷ. ಪಶ್ಚಿಮದ ಶಿಲೆಗಳು 320 ಕೋಟಿ ವರ್ಷಗಳಿಗೂ ಹಳೆಯದಾದ ಖಂಡತೊಗಟೆಯ ಅಂಶವನ್ನು ಹೀರಿಕೊಂಡ ಗುರುತನ್ನು ಉಳಿಸಿಕೊಂಡಿವೆ. ಪೂರ್ವದ ಶಿಲೆಗಳಲ್ಲಿ ಅಂಥ ಮುದಿ ತೊಗಟೆಯ ಗುರುತಿಲ್ಲ. ಅವು ಮ್ಯಾಂಟಲ್‌ನಿಂದ ಹೊಸದಾಗಿ ಬೇರ್ಪಟ್ಟ ವಸ್ತುವಿನಿಂದಾದವು. ಕೆಲವೇ ಕಿಲೋಮೀಟರು ಅಂತರದಲ್ಲಿರುವ ಎರಡು ನೆಲಗಳು ಮೊದಲಿನಿಂದಲೂ ಅಕ್ಕಪಕ್ಕದಲ್ಲಿದ್ದರೆ ಇಷ್ಟೊಂದು ಭಿನ್ನವಾದ ಚರಿತ್ರೆಯನ್ನು ವಿವರಿಸುವುದು ಕಷ್ಟ.

ಮೂರನೆಯದಾಗಿ, ಶಿಲೆಗಳ ಮಡಿಕೆ ಮತ್ತು ಜಾರುವಲಯಗಳ ಅಧ್ಯಯನದಿಂದ, ಈ ನೆಲಗಳು ಅಡ್ಡಡ್ಡ ಒತ್ತಡಕ್ಕೆ ಸಿಕ್ಕಿ ಒಂದಕ್ಕೊಂದು ಸೇರಿದುದು ಕಂಡುಬಂತು. ಪೂರ್ವದ ನೈಸ್ ಹುಟ್ಟಿದ 253 ಕೋಟಿ ವರ್ಷಗಳ ಹಿಂದಿನ ಕಾಲಕ್ಕೂ 242 ಕೋಟಿ ವರ್ಷಗಳ ಹಿಂದಿನ ಕಾಲಕ್ಕೂ ನಡುವೆ ಈ ಜೋಡಣೆ ನಡೆಯಿತು. ಹೀಗಾಗಿ ಕೋಲಾರ ಪಟ್ಟಿಯು ಎರಡು ಭಿನ್ನ ನೆಲಗಳನ್ನು ಕೂಡಿಸಿದ ಹೊಲಿಗೆಯೆಂದು ಲೇಖಕರು ತೀರ್ಮಾನಿಸಿದರು. ಇಂದಿನ ಕಾಲದಲ್ಲಿ ದ್ವೀಪಮಾಲೆಗಳೂ ಖಂಡದ ತುಣುಕುಗಳೂ ಸಾಗರ ಮುಚ್ಚಿದಂತೆ ಖಂಡದ ಅಂಚಿಗೆ ಬಂದು ಅಂಟಿಕೊಳ್ಳುವ ಕ್ರಮವನ್ನು ಇದು ಹೋಲುತ್ತದೆ.

ಗಮನಿಸಬೇಕಾದುದೆಂದರೆ, ನಿಯೋಬಿಯಂ ಕೊರತೆಯೊಂದನ್ನೇ ಹಿಡಿದು ಈ ತೀರ್ಮಾನಕ್ಕೆ ಬಂದುದಲ್ಲ. ಲಾವಾದ ರಾಸಾಯನಿಕ ಗುಣ, ನೈಸ್‌ಗಳ ವಯಸ್ಸು, ಹಳೆಯ ತೊಗಟೆಯ ಗುರುತು, ಶಿಲಾರಚನೆ ಎಂಬ ನಾಲ್ಕು ಸ್ವತಂತ್ರ ಆಧಾರಗಳು ಇಲ್ಲಿ ಒಂದೇ ದಿಕ್ಕಿಗೆ ಕೈತೋರಿದವು. ಇವುಗಳಲ್ಲಿ ಒಂದು ದುರ್ಬಲವೆಂದು ಸಿದ್ಧವಾದರೂ ಉಳಿದವು ನಿಲ್ಲಬಲ್ಲವು.

4. ಗದ್ವಾಲ್‌ನ ಬೋನಿನೈಟ್ ಹಾಗೂ ಎರಡು ಸಿದ್ಧಾಂತಗಳು

ಮುಂದಿನ ದಶಕಗಳಲ್ಲಿ ವಿಶ್ಲೇಷಣಾ ಉಪಕರಣಗಳು ಸೂಕ್ಷ್ಮವಾದಂತೆ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಎಂ. ನಖ್ವಿ, ಸಿ. ಮಣಿಕ್ಯಾಂಬ ಹಾಗೂ ಸಂಗಡಿಗರು ಪೂರ್ವ ಧಾರವಾಡ ಪ್ರದೇಶದ ಇತರ ಹಸಿರುಶಿಲಾ ಪಟ್ಟಿಗಳ ಪರಿಶೀಲನೆ ಕೈಗೊಂಡರು. ಇಂದು ತೆಲಂಗಾಣಕ್ಕೆ ಸೇರಿದ ಗದ್ವಾಲ್ ಪಟ್ಟಿಯಲ್ಲಿ ಬೋನಿನೈಟ್‌ಗಳಿವೆಯೆಂದು ಅವರು 2005ರಲ್ಲಿ ವರದಿ ಮಾಡಿದರು. ಸಾರಗುಂದಿದ ಮ್ಯಾಂಟಲ್, ಅದಕ್ಕೆ ಹೊರಗಿನಿಂದ ಬಂದ ನೀರು, ಈ ಎರಡೂ ಒದಗಿದಲ್ಲಿ ಮಾತ್ರ ಹುಟ್ಟುವ ಶಿಲೆಯಾದ್ದರಿಂದ ಆರ್ಕಿಯನ್ ಯುಗದ ದ್ವೀಪಮಾಲೆಗೆ ಇದನ್ನು ಮಹತ್ವದ ಪುರಾವೆಯೆಂದು ಪರಿಗಣಿಸಲಾಯಿತು. ಶಿವಮೊಗ್ಗ ಪಟ್ಟಿಯ ಕೆಲವು ಶಿಲೆಗಳನ್ನು 2007ರಲ್ಲಿ ನಖ್ವಿ ಮತ್ತು ರಾಣಾ ಪ್ರತಾಪ್ ಅವರು ಅಡಕೈಟ್ ಎಂದು ಗುರುತಿಸಿದರು. ಅಲ್ಲಿ ಸೂಚಿತವಾದುದು ಸಾಗರ ಮಧ್ಯದ ದ್ವೀಪಮಾಲೆಯಲ್ಲ. ಖಂಡದ ಅಂಚಿನಲ್ಲಿ ಫಲಕ ಜಾರುವ ಸನ್ನಿವೇಶ.

ಈ ನಡುವೆ ಇನ್ನೊಂದು ಸಿದ್ಧಾಂತವೂ ಬೆಳೆದಿತ್ತು. 2000ದಲ್ಲಿ ‘ಪ್ರೀಕೇಂಬ್ರಿಯನ್ ರಿಸರ್ಚ್’ ಪತ್ರಿಕೆಯ 99ನೆಯ ಸಂಪುಟದಲ್ಲಿ ಎರಡು ಪ್ರಬಂಧಗಳು ಪ್ರಕಟವಾದವು. ಬಿ. ಚಾಡ್ವಿಕ್, ವಿ. ಎನ್. ವಾಸುದೇವ್ ಮತ್ತು ಜಿ. ವಿ. ಹೆಗಡೆ ಅವರು ಧಾರವಾಡ ಪ್ರದೇಶದ ರಚನೆಯನ್ನು ಫಲಕಗಳ ಓರೆಯಾದ ಸಮಾಗಮದ ಫಲವೆಂದು ವಿವರಿಸಿದರು. ಅವರ ಪ್ರಕಾರ ಪೂರ್ವದ ವಿಶಾಲ ಗ್ರಾನೈಟ್ ಪ್ರದೇಶವು ಜ್ವಾಲಾಮುಖಿ ಸಾಲಿನ ಬೇರು, ಹಸಿರುಶಿಲಾ ಪಟ್ಟಿಗಳು ಆ ಸಾಲಿನ ಒಳಗಣ ತಗ್ಗುಗಳು. ಅದೇ ಸಂಪುಟದಲ್ಲಿ ಎಂ. ಜಯಾನಂದ ಮತ್ತು ಸಂಗಡಿಗರು 255ರಿಂದ 252 ಕೋಟಿ ವರ್ಷಗಳ ಹಿಂದೆ ಪೂರ್ವ ಧಾರವಾಡದಲ್ಲಿ ಅಲ್ಪಾವಧಿಯಲ್ಲಿ ಉಂಟಾದ ಅಪಾರ ಶಿಲಾಪಾಕಕ್ಕೆ ಮ್ಯಾಂಟಲ್‌ನ ಆಳದಿಂದ ಎದ್ದ ಬಿಸಿ ಚಿಲುಮೆಯೇ ಕಾರಣವಿರಬೇಕೆಂದು ವಾದಿಸಿದರು. ಒಂದೇ ನೆಲದ ಶಿಲೆಗಳು ಒಂದೇ ಸಂಪುಟದಲ್ಲಿ ಎರಡು ಭಿನ್ನ ಓದುಗಳಿಗೆ ಒಳಗಾದವು.

ಈ ಭಿನ್ನತೆಯ ಮೂಲದಲ್ಲಿ ಒಂದು ತಾಂತ್ರಿಕ ತೊಡಕಿದೆ. ದ್ವೀಪಮಾಲೆಯದೆಂದು ಹೇಳಲಾಗುವ ರಾಸಾಯನಿಕ ಗುರುತು ಬೇರೆ ಕಾರಣದಿಂದಲೂ ಬರಬಹುದು. ಖಂಡದ ತೊಗಟೆಯಲ್ಲಿ ಸಹ ಥೋರಿಯಂ ಹೆಚ್ಚು, ನಿಯೋಬಿಯಂ ಕಡಿಮೆ. ಚಿಲುಮೆಯಿಂದ ಬಂದ ಶಿಲಾಪಾಕವು ಮೇಲೇರುವ ದಾರಿಯಲ್ಲಿ ಹಳೆಯ ತೊಗಟೆಯನ್ನು ಕರಗಿಸಿಕೊಂಡರೆ ಅದಕ್ಕೂ ಅದೇ ಗುರುತು ಅಂಟಿಕೊಳ್ಳುತ್ತದೆ. ದಖನ್ನಿನ ಬಸಾಲ್ಟ್ ಇದಕ್ಕೆ ತಕ್ಕ ನಿದರ್ಶನ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಈ ಲಾವಾ ಖಂಡದ ಒಳಭಾಗದಲ್ಲಿ ಹುಟ್ಟಿದ್ದು, ದ್ವೀಪಮಾಲೆಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಪಶ್ಚಿಮ ಘಟ್ಟದ ಬುಶೆ ಎಂಬ ಸ್ತರದ ಲಾವಾದಲ್ಲಿ ತೊಗಟೆಯ ಬೆರಕೆಯಿಂದಾಗಿ ನಿಯೋಬಿಯಂ ಕೊರತೆ ಕಾಣುತ್ತದೆ. ದಖನ್ನಿನ ಪೂರ್ವಾಪರವನ್ನು ಅರಿಯದ ಸಂಶೋಧಕರೊಬ್ಬರಿಗೆ ಬುಶೆ ಸ್ತರದ ವಿಶ್ಲೇಷಣಾ ಅಂಕಿಗಳನ್ನಷ್ಟೇ ಕೊಟ್ಟರೆ ಅವರು ದಾರಿ ತಪ್ಪುವ ಸಾಧ್ಯತೆಯಿದೆ.

ಈ ತೊಡಕನ್ನು ಬಿಡಿಸಲು ಸಮೇರಿಯಂ-ನಿಯೋಡೈಮಿಯಂ ಸಮಸ್ಥಾನಿಗಳು ನೆರವಾಗುತ್ತವೆ. ಶಿಲಾಪಾಕವು ತನಗಿಂತ ಬಹಳ ಹಳೆಯದಾದ ಖಂಡತೊಗಟೆಯನ್ನು ನುಂಗಿದ್ದರೆ ಅದರ ನಿಯೋಡೈಮಿಯಂ ಸಮಸ್ಥಾನಿಗಳ ಅನುಪಾತ ಕೆಳಗಿಳಿಯುತ್ತದೆ. ನೇರವಾಗಿ ಸಾರಗುಂದಿದ ಮ್ಯಾಂಟಲ್‌ನಿಂದ ಬಂದಿದ್ದರೆ ಏರಿರುತ್ತದೆ. ಕೋಲಾರದ ಪಶ್ಚಿಮ-ಮಧ್ಯ ಭಾಗದ, ಸುಮಾರು 270 ಕೋಟಿ ವರ್ಷ ಹಳೆಯ ಮೆಗ್ನೀಸಿಯಂ ಅಧಿಕ ಆಂಫಿಬೊಲೈಟ್‌ಗಳಲ್ಲಿ ಈ ಅನುಪಾತವು ಏರಿಕೆಯನ್ನೇ ತೋರಿಸಿತೆಂದು ಬಾಲಕೃಷ್ಣನ್, ಹ್ಯಾನ್ಸನ್ ಮತ್ತು ರಾಜಮಣಿ ಅವರ 1991ರ ಪ್ರಬಂಧದಿಂದ ತಿಳಿಯುತ್ತದೆ. ಹಾಗಾದರೆ ಅವು ಹಳೆಯ ಖಂಡದ ಮೇಲೆ ಹರಿದ ಲಾವಾ ಆಗಿರುವ ಸಂಭವ ಕಡಿಮೆ. ಆದರೆ ಈ ಪರೀಕ್ಷೆಗೂ ಮಿತಿಯಿದೆ. ನುಂಗಲ್ಪಟ್ಟ ತೊಗಟೆ ಲಾವಾಕ್ಕಿಂತ ಸ್ವಲ್ಪವೇ ಹಳೆಯದಾಗಿದ್ದರೆ ಸಮಸ್ಥಾನಿಗಳಲ್ಲಿ ಅದರ ಗುರುತು ಕಾಣುವುದಿಲ್ಲ.

ಕಾಲನಿರ್ಣಯದ ಪ್ರಗತಿಯಿಂದ ಈ ಎರಡನೆಯ ವಿವಾದವೂ ಮೊದಲನೆಯದರ ಹಾದಿಯನ್ನೇ ಹಿಡಿದಂತೆ ಕಾಣುತ್ತದೆ. 2012ರಲ್ಲಿ ಮಣಿಕ್ಯಾಂಬ ಮತ್ತು ರಾಬರ್ಟ್ ಕೆರಿಕ್ ಅವರು ಪೂರ್ವ ಧಾರವಾಡದ ಪಟ್ಟಿಗಳನ್ನು ಒಟ್ಟಾಗಿ ಪರಿಶೀಲಿಸಿ, ಚಿಲುಮೆಯಿಂದ ಹುಟ್ಟಿದ ನೆಲಗಳೂ ದ್ವೀಪಮಾಲೆಗಳೂ ಒಂದಕ್ಕೊಂದು ಸೇರಿ ಈ ಭೂಭಾಗ ಬೆಳೆಯಿತೆಂದು ನಿರೂಪಿಸಿದರು. 2013ರಲ್ಲಿ ಜಯಾನಂದ ಮತ್ತು ಸಂಗಡಿಗರು ಜಿರ್ಕಾನ್ ವಯಸ್ಸುಗಳ ಆಧಾರದಿಂದ ಪೂರ್ವದ ಪಟ್ಟಿಗಳಲ್ಲಿ ಎರಡು ಜ್ವಾಲಾಮುಖಿ ಘಟ್ಟಗಳಿದ್ದುದನ್ನು ತೋರಿಸಿದರು: ಒಂದು ಸುಮಾರು 270 ಕೋಟಿ ವರ್ಷಗಳ ಹಿಂದೆ, ಇನ್ನೊಂದು 258ರಿಂದ 254 ಕೋಟಿ ವರ್ಷಗಳ ಹಿಂದೆ. ಎರಡು ಘಟ್ಟಗಳ ಅಂತರವೇ ಹತ್ತು ಕೋಟಿ ವರ್ಷಗಳಿಗಿಂತ ಹೆಚ್ಚು. ಇಂದಿನ ಅಟ್ಲಾಂಟಿಕ್ ಸಾಗರದ ಬಹುಭಾಗ ತೆರೆದುಕೊಳ್ಳಲು ಹಿಡಿದ ಅವಧಿಗೆ ಇದು ಹೋಲಿಸಬಹುದಾದಷ್ಟು ದೀರ್ಘ. ಅಷ್ಟು ಅಂತರದ ಎರಡು ಘಟ್ಟಗಳಿಗೆ ಒಂದೇ ಸನ್ನಿವೇಶವನ್ನು ಆರೋಪಿಸಬೇಕಾದ ಅಗತ್ಯವಿಲ್ಲ.

5. ಉಪಸಂಹಾರ

ಫೂಟ್ ಅವರಿಂದ ಇಂದಿನವರೆಗಿನ ಈ ಚರಿತ್ರೆಯಲ್ಲಿ ಉಪಕರಣಗಳು ಬದಲಾಗಿವೆ. ಸುತ್ತಿಗೆ ಮತ್ತು ಭೂತಗನ್ನಡಿಯ ಜೊತೆಗೆ ದಶಲಕ್ಷದಲ್ಲೊಂದು ಭಾಗವನ್ನು ಅಳೆಯುವ ಯಂತ್ರಗಳು ಬಂದಿವೆ. ವಿಚಾರದ ಕ್ರಮದಲ್ಲಿ ಮಾತ್ರ ಗಮನಾರ್ಹವಾದ ಸಾಮ್ಯ ಕಾಣುತ್ತದೆ. ಸ್ಮೀತ್ ಅವರು ಅಗ್ನಿಜನ್ಯವೆಂಬ ಒಂದೇ ವಿವರಣೆಯನ್ನು ಪದರಶಿಲೆಗಳಿಗೂ ಹಿಗ್ಗಿಸಿದರು. ನಿಯೋಬಿಯಂ ಕೊರತೆ ಕಂಡಲ್ಲೆಲ್ಲ ದ್ವೀಪಮಾಲೆಯನ್ನು ಕಾಣುವುದು ಅಥವಾ ಶಿಲಾಪಾಕದ ಪ್ರಮಾಣ ಹೆಚ್ಚಾದಲ್ಲೆಲ್ಲ ಚಿಲುಮೆಯನ್ನು ಕಾಣುವುದು ಅದೇ ಬಗೆಯ ಅತಿವ್ಯಾಪ್ತಿಯಾಗುತ್ತದೆ. ಇದಕ್ಕೆ ಪ್ರತಿಯಾಗಿ, ನೈಸ್, ಲಾವಾ, ಜಾರುವಲಯಗಳನ್ನು ಒಂದರೊಡನೊಂದು ಇಟ್ಟು ನೋಡಿದ 1989ರ ಕೋಲಾರದ ಅಧ್ಯಯನವು ಪ್ರಾಚೀನ ಶಿಲೆಗಳ ಮೂಲವಿಚಾರಕ್ಕೆ ಇಂದಿಗೂ ಮಾದರಿಯಾಗಿ ನಿಲ್ಲುತ್ತದೆ. ಎರಡು ನೆಲಗಳು ಅಲ್ಲಿ ಸೇರಿದವೆಂಬುದು ಅದರ ದೃಢವಾದ ತೀರ್ಮಾನ. ಸೇರಿದ ಪ್ರತಿಯೊಂದು ಲಾವಾ ಸ್ತರವೂ ದ್ವೀಪಮಾಲೆಯದೇ ಎಂಬುದು ಅದರಿಂದ ತಾನಾಗಿ ಸಿದ್ಧವಾಗುವುದಿಲ್ಲ.

ಇಂಥ ಅಧ್ಯಯನವನ್ನು ಮುಂದುವರಿಸಲು ಶಿಲೆಗಳು ದೊರೆಯಬೇಕು ಎಂಬ ಸರಳ ಸಂಗತಿಯನ್ನು ಕೊನೆಗೆ ನೆನೆಯುವುದು ಅವಶ್ಯಕ. ಕೋಲಾರದ ಚಾಂಪಿಯನ್ ರೀಫ್ ಗಣಿಯು ಸುಮಾರು 3,200 ಮೀಟರು ಆಳಕ್ಕೆ ಇಳಿದಿತ್ತು. ನೆಲದ ಮೇಲೆ ಎಲ್ಲಿಯೂ ಕಾಣದ ಶಿಲಾಸಂಬಂಧಗಳನ್ನು ಅಷ್ಟು ಆಳದವರೆಗೆ ಕಣ್ಣಾರೆ ನೋಡುವ ಅವಕಾಶ ಜಗತ್ತಿನಲ್ಲಿಯೇ ವಿರಳ. 2001ರ ಫೆಬ್ರುವರಿ 28ರಂದು ಗಣಿಕಾರ್ಯ ನಿಂತಿತು. ಅನಂತರ ಸುರಂಗಗಳಲ್ಲಿ ನೀರು ತುಂಬಿತು. ಆ ಆಳದ ಶಿಲೆಗಳ ವಿಷಯದಲ್ಲಿ ಮುಂದಿನ ಸಂಶೋಧಕರಿಗೆ ಉಳಿದಿರುವುದು ಹಿಂದಿನವರು ಬರೆದಿಟ್ಟ ನಕ್ಷೆಗಳು, ಕೊರೆದು ತೆಗೆದ ಶಿಲಾದಂಡಗಳು ಹಾಗೂ ಸ್ಥಳದ ವಿವರ ಬರೆದ ಮಾದರಿಗಳು ಮಾತ್ರ. ಸ್ಥಳದ ವಿವರವಿಲ್ಲದ ಕಲ್ಲಿನಿಂದ ವಿಶ್ಲೇಷಣೆಯ ಅಂಕಿಗಳು ದೊರೆಯಬಹುದು; ಅದು ಹೊಲಿಗೆಯ ಯಾವ ಮಗ್ಗುಲಿನದೆಂಬುದು ದೊರೆಯದು. ಮರಡಿಹಳ್ಳಿ ಮತ್ತು ಪೆದ್ದಪಲ್ಲಿಯ ಬಂಡೆಗಳಿಗೆ ದೊರೆತ ಸ್ಮಾರಕದ ರಕ್ಷಣೆಯಷ್ಟೇ ಗೌರವವು ಇಲಾಖೆಗಳ ಹಾಗೂ ವಿಶ್ವವಿದ್ಯಾನಿಲಯಗಳ ಕಪಾಟುಗಳಲ್ಲಿರುವ ಈ ಮಾದರಿಗಳಿಗೂ ಸಲ್ಲಬೇಕು. ಪಟ್ಟಿಯ ಪೂರ್ವ ಪಶ್ಚಿಮಗಳನ್ನು ಬೇರ್ಪಡಿಸಿ ನೋಡಿದ್ದರಿಂದಲೇ ಕೋಲಾರದ ಚರಿತ್ರೆ ತೆರೆದುಕೊಂಡಿತು. ಆ ಭೇದವನ್ನು ಮತ್ತೆ ಪರೀಕ್ಷಿಸುವ ಸಾಧ್ಯತೆ ಇಂಥ ಸಂಗ್ರಹಗಳ ಉಳಿವನ್ನೇ ಅವಲಂಬಿಸಿದೆ.